ಕಡೇ ಗದ್ದೆಯ ಅರ್ಧ ಗಂಟೆ

ಕೊತ್ತತ್ತಿ
೧೮ ಆಗಸ್ಟ್ ೨೦೨೪

ಮಹದೇವು,

ಫೋನು ಮಾಡದೆ ಕಾಗದ ಬರೆದಿದ್ದೇನೆಂದು ಬೇರೆ ಅರ್ಥ ಹುಡುಕಬೇಡ. ಎಡಗಿವಿ ಹೋದ ವರ್ಷವೇ ಹೋಯಿತು, ಈಗ ಬಲಗಿವಿಯೂ ಹೊರಟಿದೆ. ಫೋನಿನಲ್ಲಿ ಯಾರು ಮಾತಾಡಿದರೂ ಡಬ್ಬದೊಳಗೆ ಕಲ್ಲು ಅಲ್ಲಾಡಿಸಿದಂತೆ ಕೇಳುತ್ತದೆ. ಆರನೇ ತೂಬಿಗೆ ಮೂವತ್ತೊಂದು ವರ್ಷ ನೀರುಗಂಟಿಯಾಗಿ ದಿನಾ ಪುಸ್ತಕ ಬರೆದವನು ನಾನು. ಕೈ ಇನ್ನೂ ನೆಟ್ಟಗಿದೆ.

ಜೂನ್ ತಿಂಗಳ ಸಮಾರಂಭದಲ್ಲಿ ನಿನ್ನನ್ನು ನೋಡಿದ್ದೇ ಕಡೆ. ನೀರು ಬಳಕೆದಾರರ ಸಂಘದ ಅಧ್ಯಕ್ಷನಾಗಿ ನೀನೇ ಗುಂಡಿ ಒತ್ತಿದೆ. ತೂಬಿನ ಕಬ್ಬಿಣದ ಹಲಗೆ ತಾನಾಗಿ ಮೇಲೆದ್ದಿತು, ಜನ ಚಪ್ಪಾಳೆ ತಟ್ಟಿದರು. ನನಗೆ ಶಾಲು ಹೊದಿಸಿ, "ಈ ಯಂತ್ರದ ಗುರು ನಮ್ಮ ನಾಗಯ್ಯ" ಎಂದು ಮೈಕಿನಲ್ಲಿ ಹೇಳಿದೆ. ಯಾರ ಗದ್ದೆಗೆ ಯಾವ ದಿನ ಎಷ್ಟು ಹೊತ್ತು ನೀರು ಬಿಟ್ಟೆ ಎಂದು ನಾನು ಬರೆದಿಟ್ಟ ಮೂವತ್ತೊಂದು ಸರದಿ ಪುಸ್ತಕಗಳನ್ನು ಯಂತ್ರ ಕೂರಿಸಿದ ಕಂಪನಿಯ ಎಂಜಿನಿಯರ್ ಹುಡುಗಿ ನಿಖಿತಾ ಅದಕ್ಕೆ ಮೊದಲೇ ಗೋಣಿಚೀಲದಲ್ಲಿ ತುಂಬಿಕೊಂಡು ಹೋಗಿದ್ದಳು. ಅದನ್ನೆಲ್ಲ ಓದಿ ಕಲಿತ ಯಂತ್ರ ಈಗ ತಾನೇ ಸರದಿ ಹಾಕುತ್ತದೆ, ತಾನೇ ಗೇಟು ತೆರೆಯುತ್ತದೆ, ತಾನೇ ಮುಚ್ಚುತ್ತದೆ.

ನಾಲೆಗೆ ನೀರು ಬಿಟ್ಟು ಇಪ್ಪತ್ತಾರು ದಿನ. ಕಡೇ ಬಯಲಿನ ಹನ್ನೊಂದು ತುಂಡುಗಳಿಗೆ ನೀರು ಸರಿಯಾಗಿ ಹತ್ತಿಲ್ಲ. ಕೊಟ್ಟಕೊನೆಯದು ಮಂಚಮ್ಮನ ಹದಿನೆಂಟು ಗುಂಟೆ. ಅಲ್ಲಿಗೆ ಹೋಗಿಯೇ ಇಲ್ಲ. ಕೊಡದಲ್ಲಿ ನೀರು ಹೊತ್ತು ಉಳಿಸಿಕೊಂಡ ಭತ್ತದ ಪೈರು ನಾಟಿಯಾಗದೆ ಪಾತಿಯಲ್ಲೇ ಬಲಿಯುತ್ತಿದೆ. ನಿನ್ನೆ ನಮ್ಮ ಜಗಲಿಗೆ ಬಂದಳು. ಅವಳ ಗಂಟಲು ಕಿವುಡನಿಗೂ ಕೇಳುತ್ತದೆ.

"ಏನ್ ನಾಗಣ್ಣ, ನಿನ್ ಬುಕ್ಕೆಲ್ಲ ಆ ಮಿಸಿನ್‌ಗೆ ತಿನ್ಸುದ್ರಂತೆ? ತಿಂದು ಅರ್ಗುಸ್ಕೊಂಡದೋ ಇಲ್ವೋ, ನನ್ ಗದ್ದೆಗೆ ಮಾತ್ರ ನೀರ್ ಬರ್ನಿಲ್ಲ."

"ಒಸುದು ಕಣಮ್ಮ, ತಡ್ಕೊ, ಸರಿ ಓಯ್ತದೆ."

"ಒಸ್ದೋ ಅಳೇದೋ, ನಂಗೇನ್ ಗೊತ್ತು. ನೀನಿದ್ದಾಗ ಬತ್ತಿತ್ತು, ಈಗ ಬರ್ನಿಲ್ಲ. ನೀನ್ ಏನ್ ಮಾಡ್ತಿದ್ದೆ ಅಂತ ಅದುಕ್ಕೂ ಯೋಳ್ಕೊಡು."

ಅವಳು ಹೇಳಿದ್ದೇ ವಿಷಯ. ಆ ಪುಸ್ತಕಗಳ ಬಗ್ಗೆ ನಿನಗೆ ಹೇಳಬೇಕಾದದ್ದೊಂದಿದೆ. ಕಾಗದದಲ್ಲಿ ಬೇಡ. ಒಂದು ದಿನ ಬಸ್ಸು ಹತ್ತಿ ಬಾ.

ನಿನ್ನ
ನಾಗಯ್ಯ


ಮದ್ದೂರು
೨೯ ಆಗಸ್ಟ್ ೨೦೨೪

ಪ್ರೀತಿಯ ನಾಗಯ್ಯ,

ಕಾಗದ ತಲುಪಿತು. ಕೈಬರಹದ ಲಕೋಟೆ ತಂದುಕೊಟ್ಟು ಬಹಳ ದಿನವಾಯಿತು ಸಾರ್ ಎಂದು ಪೋಸ್ಟ್‌ಮ್ಯಾನ್ ಎರಡು ನಿಮಿಷ ನಿಂತು ಮಾತಾಡಿ ಹೋದ. ಬರುವ ಆಸೆಯಿದೆ. ಆದರೆ ಮಂಡಿಯ ಆಪರೇಷನ್ ಆಗಿ ಹತ್ತು ದಿನ, ಬಸ್ಸಿನ ಮೆಟ್ಟಿಲು ಹತ್ತಬಾರದೆಂದು ಡಾಕ್ಟರು ಹೇಳಿದ್ದಾರೆ.

ಯಂತ್ರದ ಬಗ್ಗೆ ಆತುರ ಬೇಡ. ಮನುಷ್ಯ ಭೂಮಿಯಿಂದ ತೆಗೆದು ಬಳಸುವ ಸಿಹಿನೀರಿನಲ್ಲಿ ಹತ್ತರಲ್ಲಿ ಏಳು ಪಾಲು ಬೇಸಾಯಕ್ಕೇ ಹೋಗುತ್ತದೆ. ಮಳೆಗೆ ಮೊದಲಿನ ಲೆಕ್ಕವಿಲ್ಲ. ಒಂದು ವರ್ಷ ಕಟ್ಟೆ ತುಂಬಿದರೆ ಇನ್ನೊಂದು ವರ್ಷ ತಳ ಕಾಣುತ್ತದೆ. ನಮ್ಮ ಮೊಮ್ಮಕ್ಕಳ ಕಾಲಕ್ಕೆ ನೀರು ಉಳಿಯಬೇಕಾದರೆ ಪ್ರತಿ ಗಂಟೆಯನ್ನೂ ಅಳೆದು ಹಂಚಬೇಕು. ಮೇಷ್ಟ್ರ ಕೆಲಸದಿಂದ ನಿವೃತ್ತನಾದ ಮೇಲೆ ಇದನ್ನೇ ನಾನು ಪತ್ರಿಕೆಯ ಓದುಗರ ಅಂಕಣಕ್ಕೆ ಹದಿನಾಲ್ಕು ಸಲ ಬರೆದೆ. ಯಂತ್ರಕ್ಕೆ ನೆಂಟರಿಲ್ಲ, ಜಾತಿಯಿಲ್ಲ, ಚುನಾವಣೆಯಿಲ್ಲ. ಇಂದು ನಮ್ಮ ಒಂದು ತೂಬಿಗೆ ಬಂದದ್ದು ನಾಳೆ ಎಲ್ಲ ನಾಲೆಗಳಿಗೂ ಬರುತ್ತದೆ.

ನನ್ನ ಮೂರು ಎಕರೆಯನ್ನು ಪಾಲಿಗೆ ಮಾಡುತ್ತಿರುವ ಚಿಕ್ಕಮಾದು ಮೊನ್ನೆ ಬಂದಿದ್ದ. ಈ ಸಲದಷ್ಟು ನೀರು ಯಾವತ್ತೂ ನಿಂತಿರಲಿಲ್ಲ ಎಂದ. ಮಂಚಮ್ಮನ ಕಾಲುವೆಯಲ್ಲಿ ಹುಲ್ಲು ಬೆಳೆದು ಅಡ್ಡ ನಿಂತಿರಬಹುದು, ನೋಡು.

ಪುಸ್ತಕಗಳ ವಿಷಯ ಏನು? ಕಾಗದದಲ್ಲೇ ಬರೆ.

ನಿನ್ನವನೇ ಆದ
ಮಹದೇವು


ಕೊತ್ತತ್ತಿ
೬ ಸೆಪ್ಟೆಂಬರ್ ೨೦೨೪

ಮಹದೇವು,

ಹುಲ್ಲು ಇಲ್ಲ. ನಾನೇ ಸವರಿದ್ದೇನೆ. ಬರೆ ಎಂದೆಯಲ್ಲ, ಬರೆಯುತ್ತೇನೆ.

ಆ ಪುಸ್ತಕಗಳಲ್ಲಿ ಇರುವುದು ಸುಳ್ಳು.

ತೂಬಿನ ಹತ್ತಿರವೇ ಗದ್ದೆಯಿರುವ ಮೇಲಿನ ಒಂಬತ್ತು ಜನರಲ್ಲಿ ಮೊದಲ ಸರದಿ ನಿನ್ನದು. ಎಂಟು ದಿನಕ್ಕೊಮ್ಮೆ ಐದು ಗಂಟೆ. ನಾನು ಬಿಡುತ್ತಿದ್ದದ್ದು ನಾಲ್ಕೂವರೆ. ಉಳಿದ ಎಂಟು ಜನರಲ್ಲೂ ಅಷ್ಟೇ, ತಲಾ ಅರ್ಧ ಗಂಟೆ ಮೊದಲೇ ಹಲಗೆ ಇಳಿಸುತ್ತಿದ್ದೆ. ಹಾಗೆ ಉಳಿದ ನಾಲ್ಕೂವರೆ ಗಂಟೆಯನ್ನು ಕಡೇ ಬಯಲಿಗೆ ಬಿಡುತ್ತಿದ್ದೆ. ಏಕೆಂದರೆ ಅವರ ಹನ್ನೊಂದು ತುಂಡುಗಳಿಗೆ ಸೇರಿ ಕಾಗದದಲ್ಲಿರುವುದು ಆರು ಗಂಟೆ, ಅದರಲ್ಲಿ ಅರ್ಧವನ್ನು ದಾರಿಯ ಮಣ್ಣಿನ ಕಾಲುವೆಯೇ ಕುಡಿದುಬಿಡುತ್ತದೆ. ತೂಬಿನಿಂದ ಎರಡು ಕಿಲೋಮೀಟರು. ಉಳಿದದ್ದು ಮಂಚಮ್ಮನವರೆಗೆ ಹೋಗುವ ಮೊದಲೇ ಮುಗಿಯುತ್ತದೆ. ನನಗೆ ಮೊದಲು ತೂಬು ನೋಡುತ್ತಿದ್ದ ನಮ್ಮಪ್ಪನೂ ಹೀಗೇ ಮಾಡುತ್ತಿದ್ದ. ನೀರುಗಂಟಿಯ ಕೆಲಸವೆಂದರೆ ಇದೇ ಎಂದು ತಿಳಿದಿದ್ದೆ.

ಪುಸ್ತಕದಲ್ಲಿ ಮಾತ್ರ ಎಲ್ಲರಿಗೂ ಪೂರ್ತಿ ಸರದಿ ಬರೆದೆ. ನಿಜ ಬರೆದಿದ್ದರೆ ಮೇಲಿನವರು ಪುಸ್ತಕ ಹಿಡಿದುಕೊಂಡು ತೂಬಿನ ಮೇಲೆ ನಿಲ್ಲುತ್ತಿದ್ದರು. ಸುಳ್ಳು ಬರೆದದ್ದರಿಂದ ಮೂವತ್ತೊಂದು ವರ್ಷ ಒಂದು ಗುದ್ದಲಿಯೂ ಏಳಲಿಲ್ಲ. ಯಂತ್ರ ಕಲಿತದ್ದು ಆ ಸುಳ್ಳನ್ನು. ಶಾಲು ಹೊದಿಸುವಾಗಲೇ ಹೇಳಬೇಕಿತ್ತು. ಅಷ್ಟು ಜನರ ಮುಂದೆ, ನಿನ್ನ ಭಾಷಣದ ನಡುವೆ, ನಾಲಿಗೆ ಏಳಲಿಲ್ಲ. ತಪ್ಪು ನನ್ನದು.

ಮಂಡ್ಯದಲ್ಲಿ ಕಂಪನಿಯ ಆಫೀಸಿಗೆ ಹೋಗಿದ್ದೆ. ನಿಖಿತಾ ಒಳ್ಳೆಯ ಹುಡುಗಿ. ಅವಳು ಮಾತಾಡಿದ್ದು ಅವಳ ಫೋನಿನಲ್ಲಿ ಕನ್ನಡ ಅಕ್ಷರವಾಗಿ ಮೂಡುತ್ತಿತ್ತು, ಅದನ್ನು ತಿರುಗಿಸಿ ನನಗೆ ಓದಿಸಿದಳು. ಕಿವಿ ಹೋದ ಮೇಲೆ ಮೊದಲ ಸಲ ಒಬ್ಬರ ಮಾತು ಒಂದೂ ಬಿಡದೆ ನನಗೆ ತಿಳಿಯಿತು. ಯಂತ್ರವನ್ನು ಬರೀ ಬೈಯುವವನು ನಾನಲ್ಲ ಎಂದು ತಿಳಿಯಲೆಂದು ಇದನ್ನು ಬರೆದೆ.

"ಅಂಕಲ್, ಸಿಸ್ಟಮ್‌ನಲ್ಲಿ ಕಡೇ ಬಯಲಿನ ಆರು ಗಂಟೆಯೂ ಗ್ರೀನ್ ತೋರಿಸ್ತಿದೆ. ಗೇಟು ಕರೆಕ್ಟ್ ಟೈಮಿಗೆ ಓಪನ್ ಆಗಿದೆ" ಎಂದಳು.

"ಗೇಟು ಓಪನ್ ಆದ್ರೆ ಗದ್ದೆಗೆ ನೀರ್ ಓಯ್ತು ಅಂತ ಯಾರಮ್ಮ ಯೋಳಿದ್ದು ಅದುಕ್ಕೆ?"

"ನಿಮ್ಮ ಬುಕ್ಕೇ ಅಂಕಲ್. ಮೂವತ್ತೊಂದು ವರ್ಷ ಅಷ್ಟೇ ಟೈಮಲ್ಲಿ ಎಲ್ಲರಿಗೂ ನೀರು ಸಾಕಾಗಿದೆ ಅಂತ ಅದರಲ್ಲಿದೆ."

ಆಗ ಅವಳಿಗೆ ಎಲ್ಲ ಹೇಳಿದೆ. ಸರದಿ ಪಟ್ಟಿ ಬದಲಿಸಲು ದಾರಿಯಿದೆಯಂತೆ. ಮೇಲಿನ ಒಂಬತ್ತು ರೈತರು ಅರ್ಧ ಗಂಟೆ ಬಿಟ್ಟುಕೊಡುತ್ತೇವೆಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕು. ಎಂಟು ಮನೆ ಸುತ್ತಿದೆ, ಬೈಗುಳ ತಿಂದೆ. ಕಡೆಗೆ ಎಲ್ಲರದೂ ಒಂದೇ ಮಾತು: "ಮೇಷ್ಟ್ರು ಮೊದ್ಲು ಹಾಕ್ಲಿ, ಆಮೇಲೆ ತತ್ತಾ." ಪತ್ರ ಇದರ ಜೊತೆಗಿದೆ. ಮಂಚಮ್ಮನ ಪೈರು ಇನ್ನು ಹತ್ತು ದಿನ ತಡೆಯುವುದಿಲ್ಲ.

ನಿನ್ನ
ನಾಗಯ್ಯ


ಕೊತ್ತತ್ತಿ
೨೦ ಅಕ್ಟೋಬರ್ ೨೦೨೪

ಮಹದೇವು,

ಆರು ವಾರ ಕಾದೆ. ಅಂಚೆಯಲ್ಲಿ ಕಳೆದಿರಬಹುದೆಂದು ಮೊನ್ನೆ ಗುರುವಾರ ನಾನೇ ಮದ್ದೂರಿಗೆ ಬಂದೆ. ನಿನಗೆ ಹೇಳಿದರೋ ಇಲ್ಲವೋ.

ನಿನ್ನ ಮನೆಯ ಗೇಟಿನ ಹತ್ತಿರ ಕಾಮಾಕ್ಷಮ್ಮನವರು ಹೂ ಕೀಳುತ್ತಿದ್ದರು. ಮಾತು ಪೂರ್ತಿ ಕೇಳಿಸಲಿಲ್ಲ, ತುಟಿ ನೋಡಿ ತಿಳಿದುಕೊಂಡೆ. "ಅವ್ರು ಮಲ್ಗವ್ರೆ ನಾಗಯ್ಯ. ಮಂಡಿ ನೋವು" ಎಂದರು. ಒಳಗೆ ಟಿವಿ ಓಡುತ್ತಿತ್ತು. ಕಿಟಕಿಯಲ್ಲಿ ನಿನ್ನ ಕೋಲೂ ಕಾಣುತ್ತಿತ್ತು, ಕೋಲಿನ ಮೇಲಿದ್ದ ಕೈಯೂ ಕಾಣುತ್ತಿತ್ತು.

"ಎದ್ದ ಮೇಲೆ ಯೋಳಿ ಕಣಮ್ಮ, ಕಾಗ್ದುಕ್ಕೊಂದು ಸೈನು ಬೇಕಿತ್ತು ಅಂತ" ಎಂದೆ.

ಅವರು ಒಂದು ಹಿಡಿ ಕನಕಾಂಬರವನ್ನು ಎಲೆಯಲ್ಲಿ ಕಟ್ಟಿ "ಹೊಂಬಾಳಮ್ಮನಿಗೆ ಕೊಡು" ಎಂದರು. ನನ್ನ ಹೆಂಡತಿ ಅದನ್ನು ಮುಡಿಯಲಿಲ್ಲ. "ಒಳಗ್ ಕರ್ದು ಒಂದ್ ಲೋಟ ನೀರ್ ಕೊಡ್ನಿಲ್ವಾ ನಿಮ್ ಮೇಷ್ಟ್ರು?" ಎಂದು ಕೇಳಿದಳು. ಕಿವಿ ಕೇಳದವನಂತೆ ಎದ್ದು ಹೋದೆ.

ಮಂಚಮ್ಮ ಬಾಡಿಗೆ ಪಂಪು ತಂದು ಒಂದು ಸಲ ನೀರು ಹಾಯಿಸಿ, ಬಲಿತ ಪೈರನ್ನೇ ನಾಟಿ ಮಾಡಿದಳು. ತೆಂಡೆ ಒಡೆದಿಲ್ಲ, ಬುಡದಲ್ಲಿ ಒಂದು ಮರಿಯೂ ಬಂದಿಲ್ಲ. ನೆಲ ಬಿರುಕು ಬಿಟ್ಟಿದೆ. ಹಲಗೆ ನಾನೇ ಎತ್ತೋಣವೆಂದು ಒಂದು ಬೆಳಿಗ್ಗೆ ತೂಬಿನ ಮೇಲೆ ನಿಂತೆ. ಬೀಗ ಮುಟ್ಟಿದರೆ ಸೈರನ್ ಕೂಗುತ್ತದೆ. ಕೂಗಿತಂತೆ. ನನಗೆ ಕೇಳಿಸಲಿಲ್ಲ. ಜನ ಓಡಿ ಬಂದ ಮೇಲೆ ಗೊತ್ತಾಯಿತು.

ಸಹಿ ಹಾಕುವುದಿಲ್ಲವಾದರೆ ಇಲ್ಲ ಎಂದಾದರೂ ಬರೆ.

ನಾಗಯ್ಯ


ಮದ್ದೂರು
೧೪ ನವೆಂಬರ್ ೨೦೨೪

ನಾಗಯ್ಯ,

ಅಂದು ನಾನು ಎಚ್ಚರವಾಗಿಯೇ ಇದ್ದೆ. ನಿನ್ನ ಮುಖ ನೋಡುವ ಧೈರ್ಯವಿರಲಿಲ್ಲ. ಈ ಕಾಗದವನ್ನು ನಾಲ್ಕು ಸಲ ಹರಿದು ಬರೆದಿದ್ದೇನೆ.

ನೀನು ಬರೆದ ವಿಷಯ ನನಗೆ ಹೊಸದಲ್ಲ. ೨೦೦೩ರಿಂದಲೂ ಗೊತ್ತಿತ್ತು. ಆ ವರ್ಷ ಬರ. ದಸರಾ ರಜೆಯಲ್ಲಿ ಗದ್ದೆಯ ಬದುವಿನ ಮೇಲೆ ಗಡಿಯಾರ ಹಿಡಿದು ಕೂತೆ. ನೀರು ಬಿಟ್ಟು ನಾಲ್ಕೂವರೆ ಗಂಟೆಯಾಗುತ್ತಲೇ ನೀನು ಹಲಗೆ ಇಳಿಸಿದೆ. ಮೂರು ಸರದಿ ನೋಡಿದೆ, ಮೂರರಲ್ಲೂ ಅಷ್ಟೇ. ಕೇಳಿಯೇಬಿಡಬೇಕೆಂದು ನಿನ್ನ ಮನೆಗೆ ಬಂದೆ. ಹೊಂಬಾಳಮ್ಮ ಮುದ್ದೆ, ಸೊಪ್ಪಿನ ಸಾರು ಬಡಿಸಿದರು. ಉಂಡು ಎದ್ದು ಬಂದೆ.

ಯಾಕೆ ಕೇಳಲಿಲ್ಲ? ಕೇಳಿದ್ದರೆ ನೀನು ಕಡೇ ಬಯಲಿನ ವಿಷಯ ಹೇಳುತ್ತಿದ್ದೆ. ಆಗ ನಾನು ಆಗಲಿ ಎನ್ನಬೇಕಾಗುತ್ತಿತ್ತು, ಇಲ್ಲವೇ ಆಗದು ಎಂದು ನಿನ್ನ ಮುಖಕ್ಕೆ ಹೇಳಬೇಕಾಗುತ್ತಿತ್ತು. ಎರಡೂ ನನ್ನಿಂದ ಆಗುವಂತಿರಲಿಲ್ಲ. ಮೂರು ಎಕರೆ ನನಗೂ ಸುಮ್ಮನೆ ಬಂದದ್ದಲ್ಲ.

ಸ್ವಯಂಚಾಲಿತ ಗೇಟಿನ ಸುದ್ದಿ ಪತ್ರಿಕೆಯಲ್ಲಿ ಮೊದಲು ಓದಿದಾಗ ನನಗೆ ಭೂಮಿಯ ಭವಿಷ್ಯ ನೆನಪಾಗಲಿಲ್ಲ, ನನ್ನ ಅರ್ಧ ಗಂಟೆ ನೆನಪಾಯಿತು. ಭೂಮಿಯ ವಿಷಯ ಆಮೇಲೆ ಬಂತು, ಅದನ್ನೂ ನಿಜವಾಗಿಯೇ ನಂಬಿದೆ. ಯಂತ್ರ ಬಂದರೆ ನಾನು ಕೇಳಬೇಕಾಗಿಲ್ಲ, ನೀನು ಹೇಳಬೇಕಾಗಿಲ್ಲ, ಸ್ನೇಹ ಹಾಗೇ ಉಳಿಯುತ್ತದೆ ಎಂದುಕೊಂಡೆ.

ಒಪ್ಪಿಗೆ ಪತ್ರ ನನ್ನ ಮೇಜಿನ ಮೇಲಿದೆ. ಸಂಘದ ಅಧ್ಯಕ್ಷನೇ ಪಟ್ಟಿ ತಪ್ಪು ಎಂದು ಸಹಿ ಹಾಕಿದರೆ ಉಳಿದ ತೂಬುಗಳ ಯೋಜನೆ ನಿಲ್ಲುತ್ತದೆ. ವಾರ್ಷಿಕ ಸಭೆಯಲ್ಲಿ ಇಡೋಣ. ಸ್ವಲ್ಪ ಸಮಯ ಕೊಡು.

ಮಹದೇವು


ಕೊತ್ತತ್ತಿ
೯ ಜನವರಿ ೨೦೨೫

ಮಹದೇವು,

ನಿನ್ನ ಕಾಗದಕ್ಕೆ ಕೂಡಲೇ ಉತ್ತರ ಬರೆಯಲಿಲ್ಲ. ಬರೆದಿದ್ದರೆ ಅಂಚೆಯಲ್ಲಿ ಕಳಿಸಬಾರದ ಮಾತುಗಳಿರುತ್ತಿದ್ದವು.

ಇಪ್ಪತ್ತೊಂದು ವರ್ಷ ನನ್ನ ಮನೆಯಲ್ಲಿ ಉಂಡೆ. ಅಷ್ಟೂ ವರ್ಷ ನಿನ್ನ ಲೆಕ್ಕದಲ್ಲಿ ನಾನು ಕಳ್ಳ. ಆ ಕಳ್ಳನಿಗೆ ಜನರ ಮುಂದೆ ಶಾಲು ಹೊದಿಸಿದೆ. ಒಂದೇ ಒಂದು ಸಲ "ಲೇ ನಾಗ, ನನ್ ಅರ್ಧ ಗಂಟೆ ಏನ್ ಮಾಡ್ದೆಲಾ" ಎಂದು ಕೇಳಿದ್ದರೆ ಕೈಹಿಡಿದು ಕಡೇ ಗದ್ದೆಗೆ ಕರೆದುಕೊಂಡು ಹೋಗುತ್ತಿದ್ದೆ. ನೀರು ಅಲ್ಲಿಗೆ ಬರುವ ಹೊತ್ತಿಗೆ ಎಷ್ಟು ಸಣ್ಣದಾಗಿರುತ್ತದೆಂದು ಕಣ್ಣಿಗೆ ತೋರಿಸುತ್ತಿದ್ದೆ. ಅದನ್ನು ನೋಡಿದ ಮೇಲೂ ನೀನು ಬೇಡ ಎನ್ನುತ್ತಿದ್ದೆಯಾ? ನನಗೆ ಗೊತ್ತಿಲ್ಲ. ನಿನಗೆ ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ.

ಮಂಚಮ್ಮನ ಕೊಯ್ಲು ಮುಗಿಯಿತು. ತೂರಿದರೆ ಅರ್ಧಕ್ಕೆ ಅರ್ಧ ಜೊಳ್ಳು. ನಿನ್ನ ಗದ್ದೆಯ ಬಣವೆ ತೂಬಿನಿಂದಲೇ ಕಾಣುತ್ತದೆ.

ಸಿಟ್ಟು ಇಳಿದಿಲ್ಲ. ಆದರೂ ಸಹಿ ಬೇಕು. ಇನ್ನೊಂದು ಮಳೆಗಾಲ ಅವಳು ತಡೆಯುವುದಿಲ್ಲ. ಇಟ್ಟಿಗೆ ಗೂಡಿನವರು ಮಣ್ಣು ಕೇಳಿಕೊಂಡು ಮಳವಳ್ಳಿ ಕಡೆಯಿಂದ ಎರಡು ಸಲ ಬಂದು ಹೋಗಿದ್ದಾರೆ.

ನಾಗಯ್ಯ


ಮದ್ದೂರು
೨೭ ಫೆಬ್ರವರಿ ೨೦೨೫

ನಾಗಯ್ಯ,

ವಾರ್ಷಿಕ ಸಭೆ ಯುಗಾದಿಯ ನಂತರಕ್ಕೆ ಹೋಗಿದೆ. ಅಲ್ಲಿಯವರೆಗೆ ಮಣ್ಣು ಕೊಡಬೇಡವೆಂದು ಮಂಚಮ್ಮನಿಗೆ ಹೇಳು. ಕಂಪನಿಯವರು ಮುಂದಿನ ಹಂಗಾಮಿಗೆ ಉಪಗ್ರಹದ ಚಿತ್ರ ಸೇರಿಸುತ್ತಾರಂತೆ. ಯಾವ ಗದ್ದೆಯಲ್ಲಿ ನೀರಿದೆ, ಯಾವುದರಲ್ಲಿ ಇಲ್ಲ ಎಂಬುದು ಆಕಾಶದಿಂದಲೇ ತಿಳಿಯುತ್ತದೆ. ಆಗ ನನ್ನ ಸಹಿಯ ಅಗತ್ಯವೇ ಬೀಳುವುದಿಲ್ಲ.

ಮಹದೇವು


ಮದ್ದೂರು
೨೧ ಸೆಪ್ಟೆಂಬರ್ ೨೦೨೫

ಪ್ರೀತಿಯ ನಾಗಯ್ಯ,

ಏಳು ತಿಂಗಳಿಂದ ನನ್ನ ಕಾಗದಕ್ಕೆ ನಿನ್ನ ಉತ್ತರವಿಲ್ಲ. ನಾನೂ ಬರೆಯಲಿಲ್ಲ. ವಾರ್ಷಿಕ ಸಭೆಗೆ ಜನ ಸೇರದೆ ಮುಂದೂಡಿದೆವು ಎಂದು ಬರೆಯಲು ಮನಸ್ಸಾಗಲಿಲ್ಲ. ಈಗ ಬರೆಯಲು ಒಳ್ಳೆಯ ಕಾರಣ ಸಿಕ್ಕಿದೆ.

ನಿನ್ನೆ ನಿಖಿತಾ ಮನೆಗೆ ಬಂದು ಈ ಹಂಗಾಮಿನ ವರದಿ ಕೊಟ್ಟಳು. ಉಪಗ್ರಹದ ಚಿತ್ರದಲ್ಲಿ ನೀರಿರುವ ಜಾಗ ನೀಲಿ, ಒಣಗಿದ ಜಾಗ ಕಂದು. ಕಡೇ ಬಯಲು ನೋಡಿ ನಾನು ಕನ್ನಡಕ ಒರೆಸಿಕೊಂಡೆ. ಮಂಚಮ್ಮನ ಹದಿನೆಂಟು ಗುಂಟೆ ಇಡೀ ಬಯಲಿನಲ್ಲೇ ಕಡು ನೀಲಿ! "ನೀರು ಕೊನೆಯ ಗದ್ದೆಯವರೆಗೂ ತಲುಪಿದೆ" ಎಂದು ವರದಿಯ ಮೊದಲ ಪುಟದಲ್ಲೇ ಇದೆ. ಇದರ ಆಧಾರದ ಮೇಲೆ ಇನ್ನೂ ನಲವತ್ತು ತೂಬುಗಳಿಗೆ ಯಂತ್ರ ಬರಲಿದೆ. ತಡವಾದರೂ ಅದು ಕಲಿತಿದೆ ನಾಗಯ್ಯ. ನಮ್ಮ ತಪ್ಪನ್ನು ಅದೇ ತಿದ್ದಿಕೊಂಡಿದೆ.

ವರದಿಯ ಪ್ರತಿಯ ಜೊತೆಗೆ, ಒಪ್ಪಿಗೆ ಪತ್ರಕ್ಕೂ ಸಹಿ ಹಾಕಿ ಇದರೊಂದಿಗೆ ಇಟ್ಟಿದ್ದೇನೆ. ಈಗ ಅದರ ಅಗತ್ಯವಿಲ್ಲ ನಿಜ. ನಿನ್ನ ಹತ್ತಿರ ಇರಲಿ, ನನ್ನ ಮನಸ್ಸಿನ ಸಮಾಧಾನಕ್ಕೆ. ಮಂಡಿ ವಾಸಿಯಾಗಿದೆ. ಒಂದು ಭಾನುವಾರ ಬಾ, ವಡೆ ತಿಂದು ಕಾಫಿ ಕುಡಿಯೋಣ.

ನಿನ್ನವನೇ ಆದ
ಮಹದೇವು


ಕೊತ್ತತ್ತಿ
೨ ಅಕ್ಟೋಬರ್ ೨೦೨೫

ಮಹದೇವು ಮೇಷ್ಟ್ರಿಗೆ,

ನಿಮ್ಮ ಕಾಗದ, ವರದಿ, ಸಹಿ ಹಾಕಿದ ಪತ್ರ ಮೂರೂ ತಲುಪಿದವು.

ಏಪ್ರಿಲ್ ಹನ್ನೊಂದರಂದು ಮಂಚಮ್ಮನ ಗದ್ದೆಗೆ ಜೆಸಿಬಿ ಇಳಿಯಿತು. ಸಭೆಯವರೆಗೆ ತಡೆ ಎಂದು ನಿಮ್ಮ ಮಾತನ್ನು ಹೇಳಿದ್ದೆ. "ಸಬೆ ಉಣ್ಣಕ್ಕಾದದಾ ನಾಗಣ್ಣ?" ಎಂದಳು. ನಾಲ್ಕು ದಿನ ಟ್ರ್ಯಾಕ್ಟರುಗಳು ಓಡಾಡಿದವು. ಆಳುದ್ದಕ್ಕೆ ಎರಡು ಗೇಣು ಕಮ್ಮಿ ತೋಡಿದರು. ಅವಳ ಅತ್ತೆ ಮಾವ ಗೊಬ್ಬರ ಹೊತ್ತು ಹಾಕಿದ ಮೇಲ್ಮಣ್ಣು ಮೊದಲ ದಿನವೇ ಇಟ್ಟಿಗೆಗೆ ಹೋಯಿತು. ಮೇ ತಿಂಗಳಲ್ಲಿ ಅವಳು ಹಲಗೂರಿನಲ್ಲಿರುವ ಮಗಳ ಮನೆಗೆ ಹೊರಟಳು. ಬಸ್ಸಿನವರೆಗೂ ಗಂಟು ಹಿಡಿದು ಹೋಗಿದ್ದೆ. ಹತ್ತುವ ಮೊದಲು ಹೇಳಿದಳು, "ನೀನ್ ಬೇಜಾರ್ ಮಾಡ್ಕಬ್ಯಾಡ ಕಣಣ್ಣ. ನಿನ್ ಕೈಲಿ ಇದ್ದಿದ್ರೆ ಬುಡ್ತಿದ್ದೆ."

ಜೂನ್ ಮಳೆಗೆ ಆ ಹಳ್ಳ ತುಂಬಿತು. ಮೇಲಿನ ಗದ್ದೆಗಳಲ್ಲಿ ಹೆಚ್ಚಾದ ಬಸಿ ನೀರೂ ಅಲ್ಲಿಗೇ ಇಳಿಯುತ್ತದೆ. ಚರಂಡಿಯ ಜಾಡು ಹಿಡಿದು ಮೇಲಕ್ಕೆ ನಡೆದು ನೋಡಿದೆ, ಅದು ಶುರುವಾಗುವುದೇ ನಿಮ್ಮ ಗದ್ದೆಯ ಬದುವಿನಿಂದ. ನಿಮ್ಮ ಅರ್ಧ ಗಂಟೆ ಕಡೆಗೂ ಮಂಚಮ್ಮನಿಗೆ ಸೇರಿದೆ. ಎಮ್ಮೆಗಳು ಮಲಗುತ್ತವೆ. ಆಕಾಶದಿಂದ ಕಡು ನೀಲಿ ಕಾಣುವುದು ಅದೇ.

ನಿಖಿತಾಳನ್ನು ಕರೆಸಿ ದಡದ ಮೇಲೆ ನಿಲ್ಲಿಸಿದೆ. ಹಳ್ಳದ ಫೋಟೋ ತೆಗೆದುಕೊಂಡಳು. ಆಮೇಲೆ ಫೋನು ತಿರುಗಿಸಿ ಓದಿಸಿದಳು: "ಅಂಕಲ್, ಇದನ್ನ ನಾನು ಬರೆದು ಕಳಿಸ್ತೀನಿ. ಆದರೆ ಸಿಸ್ಟಮ್‌ನಲ್ಲಿ ನೀರು ಇದೆ, ಇಲ್ಲ ಅಂತ ಎರಡೇ ಕಾಲಂ ಇರೋದು."

ಅವಳನ್ನು ಏಕೆ ದೂರಲಿ? ಸುಳ್ಳನ್ನು ಮೊದಲು ಕಲಿಸಿದವನು ನಾನು. ಅದು ಸುಳ್ಳೆಂದು ಮೊದಲೇ ಗೊತ್ತಿದ್ದವರು ನೀವು. ಯಂತ್ರ ನಮ್ಮಿಬ್ಬರನ್ನೂ ನಂಬಿತು. ಇನ್ನು ನಲವತ್ತು ತೂಬುಗಳಲ್ಲೂ ಯಾವನೋ ನೀರುಗಂಟಿ ಪುಸ್ತಕಗಳನ್ನು ಚೀಲಕ್ಕೆ ತುಂಬಿ ಕೊಡುತ್ತಾನೆ. ಅವನೂ ಮೇಲಿನವರಿಗೆ ಹೆದರಿ ಬರೆದವನೇ ಆಗಿರುತ್ತಾನೆ.

ನಿಮ್ಮ ಸಹಿ ಹಿಂದಕ್ಕೆ ಕಳಿಸಿದ್ದೇನೆ. ಅದರ ಬದಲು ಬೇರೆ ಕಡೆ ಸಹಿ ಬೇಕಾಗಿದೆ. ಮೂವತ್ತೆರಡನೇ ಪುಸ್ತಕ ಕೊಂಡು ಮೊದಲ ಪುಟ ಬರೆದಿದ್ದೇನೆ. ಇದು ಅದರ ನಕಲು:

ತಾರೀಖು: ೨-೧೦-೨೦೨೫. ಆರನೇ ತೂಬು.
ಗದ್ದೆ: ಮಂಚಮ್ಮ, ಹದಿನೆಂಟು ಗುಂಟೆ.
ತೂಬಿನಿಂದ ಬಂದ ನೀರು: ಇಲ್ಲ.
ನಿಂತಿರುವ ನೀರು: ಎದೆಮಟ್ಟ.
ಬೆಳೆ: ಇಲ್ಲ.
ಬರೆದವರು: ನಾಗಯ್ಯ.
ಕಂಡ ಸಾಕ್ಷಿ:

ಕಡೆಯ ಸಾಲು ಖಾಲಿ ಬಿಟ್ಟಿದ್ದೇನೆ. ಮನೆಯಲ್ಲಿ ಕೂತು ಹಾಕುವ ಸಹಿ ಅಲ್ಲಿ ಆಗದು. ಮಂಡಿ ವಾಸಿಯಾಗಿದೆ ಎಂದು ಬರೆದಿದ್ದೀರಿ. ಕೊತ್ತತ್ತಿಯಲ್ಲಿ ಇಳಿದು ನಿಮ್ಮ ಗದ್ದೆ ದಾಟಿ ಎರಡು ಕಿಲೋಮೀಟರು ನಡೆಯಬೇಕು.

ಇಂತಿ,
ನಾಗಯ್ಯ
ನಿವೃತ್ತ ನೀರುಗಂಟಿ, ಆರನೇ ತೂಬು